ನಿಂಬೆಹಣ್ಣಿನ ಮೇಲೆ ತಳ್ಳಿದ ಜೀಪು

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಅಜ್ಜ ಹೆಬ್ಬೆಟ್ಟು ಒತ್ತುತ್ತಿದ್ದರು. ಅಪ್ಪ ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದರು. ನಾನು ಭದ್ರಾವತಿಯಲ್ಲಿ ಬೆಳಗಿನ ರೈಲು ಹತ್ತಿ ಶಿವಮೊಗ್ಗದ ಕಾಲೇಜಿಗೆ ಹೋಗಿ ಬಿ.ಎಸ್ಸಿ. ಮಾಡಿದೆ. ಹೇಳಿಕೊಳ್ಳುವುದಕ್ಕೆ ನನಗೆ ಸಂಕೋಚವಿಲ್ಲ. ಅಪ್ಪ ಒಂದು ಜೀಪಿನ ಅಡಿಯಲ್ಲಿ ಬೆನ್ನು ಹಾಸಿ ಮಲಗಿದ್ದರಿಂದ ಬಂದ ಪದವಿ ಅದು. ಆ ಪದವಿಯೂ ಅಪ್ಪನ ಹೆಸರೂ ಒಟ್ಟಿಗೆ ಹೋಗಿಬಿಡುವುದರಲ್ಲಿದ್ದ ಒಂದು ಆಯುಧಪೂಜೆಯ ವಿಷಯ ಬರೆಯುತ್ತಿದ್ದೇನೆ.

ಅಪ್ಪ ಫಿಟ್ಟರ್. ಊರಿನ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕವರು ನ್ಯೂ ಟೌನಿನ ಕ್ವಾರ್ಟರ್ಸು ಸೇರಿದರು. ಅಪ್ಪನಿಗೆ ಸಿಗಲಿಲ್ಲ. ಹಳೇ ಊರಿನ ಅಂಚಿನಲ್ಲಿ ಒಬ್ಬ ಮರದ ಗುತ್ತಿಗೆದಾರರ ಶೆಡ್ಡಿತ್ತು, ಅಲ್ಲಿ ನಿಂತರು. ಆ ಗುತ್ತಿಗೆದಾರರನ್ನು ಎಲ್ಲರೂ ಸಾಹುಕಾರ್ರು ಎನ್ನುತ್ತಿದ್ದರು. ಅವರಿಗೆ ಲಾರಿಗಳಿದ್ದವು, ಒಂದು ಜೀಪಿತ್ತು. ಲಾರಿ ಕೆಟ್ಟರೆ ಹೊರಗಿನವರನ್ನು ಕರೆಸುವುದೂ ಉಂಟು. ಜೀಪನ್ನು ಮಾತ್ರ ಅಪ್ಪನ ಹೊರತು ಯಾರೂ ಮುಟ್ಟುತ್ತಿರಲಿಲ್ಲ.

ಅದು ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಗಾಡಿ. ಸ್ಟಿಯರಿಂಗ್ ಎಡಗಡೆ. ಬೇರೆ ಗಾಡಿಗಳಲ್ಲಿ ಹಿಂದಿನ ಎರಡು ಚಕ್ರ ತಳ್ಳುತ್ತವೆ, ಮುಂದಿನವು ಸುಮ್ಮನೆ ಉರುಳುತ್ತವೆ. ಇದರಲ್ಲಿ ಒಂದು ಗಿಡ್ಡ ಲಿವರ್ ಎಳೆದರೆ ನಾಲ್ಕೂ ಚಕ್ರ ನೆಲ ಕಚ್ಚಿ ಎಳೆಯುತ್ತಿದ್ದವು. ಮರ ಕಡಿಯುವ ಜಾಗಕ್ಕೆ, ಕೆಸರಿನಲ್ಲಿ, ಹಳ್ಳದಲ್ಲಿ ಹೋಗುವುದಕ್ಕೆ ಅದೊಂದೇ ಗತಿ. ನಾಲ್ಕು ಚಕ್ರಕ್ಕೆ ಬಲ ಹಂಚಬೇಕಾದ್ದರಿಂದ ಅದರ ಹೊಟ್ಟೆಯಲ್ಲಿ ಪೆಟ್ಟಿಗೆಗಳೂ ಹೆಚ್ಚು. ಎಂಜಿನ್ನಿನ ಹಿಂದೆ ಗೇರ್ ಬಾಕ್ಸು. ಅದರ ಬೆನ್ನಿಗೆ ಅಂಟಿಕೊಂಡೇ ಇನ್ನೊಂದು ಪೆಟ್ಟಿಗೆ, ಬಲವನ್ನು ಹಿಂದಕ್ಕೂ ಮುಂದಕ್ಕೂ ಹಂಚುವಂಥದ್ದು. ಶೆಡ್ಡಿನಲ್ಲಿ ಅದಕ್ಕೆ ‘ಹಿಂದಿನ ಡಬ್ಬ’ ಎನ್ನುತ್ತಿದ್ದರು. ಆಮೇಲೆ ಮುಂದಿನ ಆಕ್ಸಲ್ಲು, ಹಿಂದಿನ ಆಕ್ಸಲ್ಲು. ಈ ನಾಲ್ಕಕ್ಕೂ ಕಾಕಂಬಿಯ ಹಾಗೆ ಮಂದವಾದ ಗೇರ್ ಎಣ್ಣೆ ಬೇಕು. “ಎಂಜಿನ್ನು ತಣ್ಣಗಿಡಕ್ಕೆ ರೇಡಿಯೇಟರ್ ನೀರೈತೆ. ಗೇರು ತಣ್ಣಗಿಡಕ್ಕೆ ಯಾರವ್ರೆ? ಈ ಎಣ್ಣೆನೇ ಅದಕ್ಕೆ ನೀರು” ಎನ್ನುತ್ತಿದ್ದರು ಅಪ್ಪ. ಊಟದ ಬುತ್ತಿ ಕೊಡಲು ಹೋಗುತ್ತಿದ್ದ ನನಗೆ ಇದೆಲ್ಲ ಕೇಳಿ ಕೇಳಿ ಬಾಯಿಪಾಠವಾಗಿತ್ತು.

ಮಳೆಗಾಲವಿಡೀ ಹಳ್ಳ ದಾಟಿದ ಗಾಡಿಯ ಆಕ್ಸಲ್ಲಿಗೆ ನೀರು ಇಳಿಯುತ್ತದೆ. ಎಣ್ಣೆ ಬಸಿದರೆ ಹಾಲು ಬೆರೆಸಿದ ಕಾಫಿಯ ಬಣ್ಣ. ಆದ್ದರಿಂದ ಮಳೆ ಹಿಂದಾದ ಮೇಲೆ, ನವರಾತ್ರಿಗೆ ಮುಂಚೆ, ಅಪ್ಪ ನಾಲ್ಕೂ ಕಡೆಯ ಹಳೇ ಎಣ್ಣೆಯನ್ನು ತಳದ ಪ್ಲಗ್ಗಿನಿಂದ ಬಸಿದು, ಪಕ್ಕದ ಪ್ಲಗ್ಗಿನ ತೂತಿನ ಅಂಚಿಗೆ ಬಂದು ಬೆರಳಿಗೆ ಸಿಗುವವರೆಗೆ ಹೊಸದು ತುಂಬುತ್ತಿದ್ದರು. ಪೂಜೆಗೆ ಗಾಡಿ ಹೊರಗೆ ಮಾತ್ರ ತೊಳೆದರೆ ಸಾಲದು, ಒಳಗೂ ಮಡಿಯಾಗಬೇಕು ಎಂಬುದು ಅವರ ಲೆಕ್ಕ.

ಆ ವರ್ಷ ಸಾಹುಕಾರ್ರಿಗೆ ಕಾಡಿನಲ್ಲಿ ಅವಸರದ ಕೆಲಸ ಬಿತ್ತು. ಮಳೆ ಪೂರ್ತಿ ಬಿಡುವ ಮೊದಲೇ ಅಪ್ಪ ಎಣ್ಣೆ ಬದಲಾಯಿಸಿ ಗಾಡಿ ಕೊಟ್ಟರು. ಅದು ವಾರಗಟ್ಟಲೆ ಕೆಸರಿನಲ್ಲಿ ನಾಲ್ಕೂ ಚಕ್ರದ ಬಲದ ಮೇಲೆ ಓಡಿತು. ಓಡಿಸುತ್ತಿದ್ದ ಡ್ರೈವರು ತಮಿಳು ಮನೆಮಾತಿನವನು, ಅಪ್ಪನಿಗಿಂತ ಚಿಕ್ಕವನು. ಒಂದು ಸಲ ಬಂದವನೇ ಚಪ್ಪಲಿ ತೋರಿಸಿದ.

“ಅಣ್ಣಾ, ಗಾಡಿ ಸುಡ್ತದೆ. ನೋಡು, ಹಲಗೆ ಮೇಲೆ ಕಾಲಿಟ್ರೆ ಚಪ್ಪಲಿ ಮೆತ್ತಗಾಗ್ತದೆ. ಇನ್ನೆರಡು ದಿನ ಬಿಟ್ರೆ ನನ್ ಪಾದದ ಮೇಲೇ ರೊಟ್ಟಿ ಬೇಯಿಸ್ಬೋದು.”

“ನೀರು ಕುದೀತಾ?”

“ನೀರು ಕುದೀಲಿಲ್ಲ. ಆದ್ರೆ ಶಾಖ ಐತೆ.”

ಅಪ್ಪ ರೇಡಿಯೇಟರ್ ಬಿಚ್ಚಿಸಿದರು. ಅದರ ಸಣ್ಣ ಸಂದಿಗಳಲ್ಲಿ ಹುಲ್ಲಿನ ಬೀಜ, ಒಣಗಿದ ಚಿಟ್ಟೆ, ಕೆಸರು ಸೇರಿ ಗೋಡೆ ಕಟ್ಟಿದ ಹಾಗಾಗಿತ್ತು. ಅಂದು ಭಾನುವಾರ. ನಾನೂ ಕೂತು ನನ್ನ ಹೇರ್‌ಪಿನ್ನಿನಿಂದ ಒಂದೊಂದೇ ಬೀಜ ಕಿತ್ತೆ. ಅಪ್ಪ ಕೆಳಗಿನ ಬಾಯಿಯಿಂದ ನೀರು ಬಿಟ್ಟು, ಮೇಲಿನಿಂದ ಬರುವ ಕೆಂಪು ನೀರು ತಿಳಿಯಾಗುವವರೆಗೆ ತೊಳೆದರು. “ಗಾಳಿ ಆಡಕ್ಕೆ ಜಾಗ ಇರ್ಲಿಲ್ಲ, ಶಾಖ ಎಲ್ಲ ಒಳಗೇ ನಿಂತಿತ್ತು. ಇನ್ನೇನಾಗಲ್ಲ ಹೋಗು” ಎಂದು ಡ್ರೈವರನಿಗೆ ಹೇಳಿದರು. ಗಾಡಿ ಮತ್ತೆ ಕಾಡಿಗೆ ಹೋಯಿತು. ಹಿಂದಿರುಗಿದ್ದು ಆಯುಧಪೂಜೆಯ ಹಿಂದಿನ ಸಂಜೆ.

ಶೆಡ್ಡಿನ ಪೂಜೆಗೆ ಒಂದು ಪದ್ಧತಿಯಿತ್ತು. ಸ್ಪ್ಯಾನರು, ಸುತ್ತಿಗೆ, ಜಾಕಿ ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ಒರೆಸಿ, ಜೀಪಿನ ಪಕ್ಕದಲ್ಲಿ ಬಾಳೆಎಲೆಯ ಮೇಲೆ ಜೋಡಿಸಿ, ವಿಭೂತಿ, ಕುಂಕುಮ ಹಚ್ಚುವುದು. ಒಮ್ಮೆ ಮಂಗಳಾರತಿ ಆಯಿತೆಂದರೆ ಮರುದಿನ ವಿಜಯದಶಮಿಯ ಬೆಳಿಗ್ಗೆಯವರೆಗೆ ಆ ಸಾಮಾನನ್ನು ಯಾರೂ ಮುಟ್ಟುವಂತಿಲ್ಲ. ಅವಕ್ಕೆ ವರ್ಷಕ್ಕೆ ಅದೊಂದೇ ರಜಾ. ಮಂಗಳಾರತಿಯ ಬೆನ್ನಲ್ಲೇ ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಗಾಡಿ ಓಡಿಸಿ ಅಪ್ಪಚ್ಚಿ ಮಾಡಬೇಕು. ಉಳಿದೆಲ್ಲ ದಿನ ಡ್ರೈವರನದಾದ ಸೀಟು ಆ ಒಂದು ಗಳಿಗೆ ಫಿಟ್ಟರನದು. ಅಪ್ಪ ಒಗೆದ ಪಂಚೆ ಉಟ್ಟು, ಸ್ಟಿಯರಿಂಗಿಗೆ ಕೈಮುಗಿದು ಕೂರುತ್ತಿದ್ದರು. ಅವ್ವ, ನಾನು ಅದನ್ನು ನೋಡಲೆಂದೇ ಹೋಗುತ್ತಿದ್ದೆವು.

ಅಂದು ನಾವು ಚೆಂಡುಹೂವಿನ ಹಾರ ಹಿಡಿದು ಹೋಗುವಷ್ಟರಲ್ಲಿ ಎಲ್ಲ ಜೋಡಿಸಿ ಆಗಿತ್ತು. ಅಯ್ಯನವರು ಪೂಜೆ ಮಾಡಿದರು, ಮಂಗಳಾರತಿಯಾಯಿತು, ಬೂದುಗುಂಬಳ ಒಡೆದರು. ಅಪ್ಪ ಸೀಟಿಗೆ ಹತ್ತಿ ಸ್ಟಾರ್ಟರ್ ಗುಂಡಿಯ ಮೇಲೆ ಕಾಲಿಟ್ಟರು.

“ಸ್ಟಾರ್ಟ್ ಮಾಡ್ಬ್ಯಾಡ, ಇಳಿ.”

ಹೇಳಿದವನು ಸಾಹುಕಾರ್ರ ಭಾವಮೈದ. ಆ ವರ್ಷವೇ ಶೆಡ್ಡಿನ ಮೇಲ್ವಿಚಾರಣೆಗೆ ಬಂದಿದ್ದ. ಬಿಳಿ ಪಂಚೆಗೆ ಒಂದು ಚುಕ್ಕೆ ಎಣ್ಣೆ ತಾಗದ ಹಾಗೆ ಓಡಾಡುತ್ತಿದ್ದ. ಎಲ್ಲರೂ ಅವನನ್ನು ಚಿಕ್ಕ ಸಾಹುಕಾರ್ರು ಎನ್ನುತ್ತಿದ್ದರು.

“ಯಾಕೆ ಸ್ವಾಮಿ?” ಎಂದರು ಅಪ್ಪ.

“ಗೇರ್ ಬಾಕ್ಸಲ್ಲಿ ಎಣ್ಣೆ ಇಲ್ಲ. ಬೆಳಿಗ್ಗೆ ಪೂಜೆಗೆ ಮುಂಚೆ ಡ್ರೈವರ್ ಕೈಲಿ ಪಕ್ಕದ ಪ್ಲಗ್ಗು ಬಿಚ್ಚಿಸ್ದೆ. ಗಾಡಿ ಕೊಯ್ಯೋ ಅಂತ ಕಿರುಚ್ತಾ ಬಂತಂತೆ. ಬೆರಳು ಹಾಕಿದ್ರೆ ಒಣಗಿದ ಬೆರಳು ಆಚೆ ಬಂತು.”

ಅಪ್ಪ ಡ್ರೈವರನ ಮುಖ ನೋಡಿದರು. ಅವನು ತಲೆ ತಗ್ಗಿಸಿದ. “ಹೌದಣ್ಣಾ. ಇಲ್ಲ ಅದ್ರಲ್ಲಿ.”

“ನಾನೇ ತುಂಬಿದೀನಿ.”

“ತುಂಬಿದ್ರೆ ಎಲ್ಲಿಗೆ ಹೋಯ್ತು ಮಾರಾಯ? ಸೋರಿದ್ರೆ ನೆಲದ ಮೇಲೆ ಇರ್ಬೇಕಲ್ಲ? ರಾತ್ರಿಯಿಡೀ ನಿಂತಿದ್ದ ಜಾಗ ನೋಡು, ಸಗಣಿ ಸಾರಿಸಿದ ಹಾಗೈತೆ. ಎಣ್ಣೆ ಡಬ್ಬಿ ಖಾಲಿಯಾಗೈತೆ, ಗೇರ್ ಬಾಕ್ಸೂ ಖಾಲಿ. ಸಂತೇಲಿ ಎತ್ತಿನಗಾಡಿ ಹೊಡೆಯೋರು ಕೀಲಿಗೆ ಹಾಕಕ್ಕೆ ಗೇರ್ ಎಣ್ಣೆ ಅಂದ್ರೆ ಬಾಯ್ ಬಿಡ್ತಾರೆ. ನಮಗೂ ಗೊತ್ತೈತೆ.”

ಹಾಗೆಂದದ್ದು ಶೆಡ್ಡಿನ ಜನ, ಅವರ ಹೆಂಡತಿ ಮಕ್ಕಳು, ಅಯ್ಯನವರು ಎಲ್ಲರ ಎದುರಿಗೆ. ಹಣ್ಣು ಅರೆದ ಮೇಲೆ ಗಾಡಿಗೆ ಕಟ್ಟಬೇಕಿದ್ದ ಹಾರ ಅವ್ವನ ಕೈಯಲ್ಲಿ ಹಾಗೇ ಇತ್ತು.

ಅಪ್ಪ ಸೀಟಿನಿಂದ ಇಳಿದರು. “ಬಿಚ್ಚಿ ನೋಡೇಬಿಡೋಣ” ಎಂದು ಎರಡು ಹೆಜ್ಜೆ ಮುಂದೆ ಹೋದರು. ಬಾಳೆಎಲೆಯ ಮೇಲೆ ಸ್ಪ್ಯಾನರುಗಳು ವಿಭೂತಿ ಹಚ್ಚಿಕೊಂಡು ಮಲಗಿದ್ದವು. ಅಪ್ಪ ಅಲ್ಲೇ ನಿಂತರು. ಯಾರೂ ತಡೆಯಲಿಲ್ಲ. ತಾವಾಗಿಯೇ ನಿಂತರು.

ಸಾಹುಕಾರ್ರು ವಯಸ್ಸಾದವರು, ಮಾತು ಕಡಿಮೆ. “ಇವತ್ತು ಮುಟ್ಟೋ ಹಾಗಿಲ್ಲ. ನಾಳೆ ಬೆಳಿಗ್ಗೆ ಎಲ್ಲರ ಮುಂದೆ ಬಿಚ್ಚಿ ನೋಡೋಣ. ಅಲ್ಲೀತನಕ ಶೆಡ್ಡಿನ ಬೀಗದ ಕೈ ಇಲ್ಲಿರ್ಲಿ” ಎಂದು ಕೈ ಚಾಚಿದರು. ಅಪ್ಪ ಉಡಿದಾರಕ್ಕೆ ಕಟ್ಟಿದ್ದ ಬೀಗದ ಕೈ ಬಿಚ್ಚಿ ಕೊಟ್ಟರು.

ನಿಂಬೆಹಣ್ಣು ಚಕ್ರದ ಕೆಳಗೇ ಇತ್ತು. ಹಾಗೇ ಬಿಡುವುದು ಅಪಶಕುನವೆಂದು ಎಲ್ಲರೂ ಸೇರಿ ಜೀಪನ್ನು ಕೈಯಿಂದ ತಳ್ಳಿದರು. ಅಪ್ಪನೂ ಹಿಂದೆ ನಿಂತು ತಳ್ಳಿದರು. ಇಷ್ಟು ವರ್ಷ ಗುಡುಗುಟ್ಟುತ್ತ ಹಣ್ಣು ಅರೆದ ಗಾಡಿ ಅಂದು ಸದ್ದಿಲ್ಲದೆ ಹೆಣದ ಹಾಗೆ ಉರುಳಿತು.

ಮನೆಗೆ ಬಂದು ಅಪ್ಪ ಜಗುಲಿಯ ಮೇಲೆ ಕೂತರು. ಹಬ್ಬದ ಅಡುಗೆ ಮಾಡಿದಲ್ಲೇ ಇತ್ತು. ಕಳ್ಳ ಎಂದು ಹೊರಹಾಕಿಸಿಕೊಂಡ ಫಿಟ್ಟರನ್ನು ಭದ್ರಾವತಿಯಲ್ಲಾಗಲಿ ಶಿವಮೊಗ್ಗದಲ್ಲಾಗಲಿ ಯಾವ ಶೆಡ್ಡೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆ ಕೆಲಸ ಹೋದರೆ ನನ್ನ ಕಾಲೇಜು ಅಲ್ಲಿಗೆ ನಿಂತಂತೆ. ನಾನು ಆಗ ಬಿ.ಎಸ್ಸಿ. ನಡುವೆ ಇದ್ದೆ.

ಅವ್ವನೇ ಮೊದಲು ಮಾತಾಡಿದಳು. “ನಾಳೆತನಕ ಹೀಗೇ ಕೂರೋದಾ? ನಮ್ ಸ್ಪ್ಯಾನರ್ ಪೂಜೇಲಿದ್ರೆ ಇರ್ಲಿ. ಬಜಾರಿನ ಸಾಬರ ಗ್ಯಾರೇಜಿಂದ ಒಂದು ಇಸ್ಕಂಬನ್ನಿ. ಅವರದ್ದಕ್ಕೇನು ಕುಂಕುಮ ಹಚ್ಚಿಲ್ವಲ್ಲ. ಬಿಚ್ಚಿ ಅವನ ಮುಖದ ಮೇಲೆ ತೋರ್ಸಿ.”

“ಸ್ಪ್ಯಾನರ್ ಸಾಬರದು. ಗಾಡಿ ಯಾರದ್ದೇ? ಅದಕ್ಕೆ ಕುಂಕುಮ ಹಚ್ಚಿದೋನು ನಾನೇ ಅಲ್ವಾ?”

“ನಿಮಗೆ ಕಳ್ಳ ಅಂತ ಅಂದಾಗ ಆ ಕುಂಕುಮಕ್ಕೆ ಕಿವಿ ಕೇಳ್ತಿರ್ಲಿಲ್ವಾ?”

ಅಪ್ಪ, ನಮಗೆ ಹೇಳಿದರೋ ತಮಗೇ ಹೇಳಿಕೊಂಡರೋ, “ಬಿಚ್ಚಿದ್ರೂ ಏನು ತೋರಿಸ್ಲಿ? ಅದ್ರಲ್ಲಿ ಇಲ್ಲ ಅಂತ ಡ್ರೈವರೇ ಹೇಳ್ತವ್ನಲ್ಲ” ಎಂದರು.

ಅಲ್ಲಿಯವರೆಗೆ ನನಗೆ ಸಿಟ್ಟು ಮಾತ್ರ ಇತ್ತು. ಈಗ ಹೆದರಿಕೆ ಹುಟ್ಟಿತು. ಎಣ್ಣೆ ಎಲ್ಲಿ ಹೋಯಿತೆಂದು ಅಪ್ಪನಿಗೂ ಗೊತ್ತಿರಲಿಲ್ಲ.

ಸಂಜೆಯೆಲ್ಲ ಅವರು ಎಣ್ಣೆ ಬದಲಾಯಿಸಿದ ದಿನದ ಕೆಲಸವನ್ನು ಕೈಯಲ್ಲೇ ಮತ್ತೆ ಮಾಡಿ ನೋಡುತ್ತಿದ್ದರು. ಗಾಳಿಯಲ್ಲಿ ಪ್ಲಗ್ಗು ತಿರುಗಿಸುವರು, ಬಸಿಯುವರು, ತುಂಬುವರು, ತೋರುಬೆರಳು ಮಡಿಸಿ ಅಂಚಿಗೆ ಮುಟ್ಟಿತೇ ನೋಡುವರು. “ಹಿಂದಿನ ಆಕ್ಸಲ್ ಆಯ್ತು. ಮುಂದಿಂದು ಆಯ್ತು. ಹಿಂದಿನ ಡಬ್ಬ ಆಯ್ತು. ಆಮೇಲೆ ಗೇರ್ ಬಾಕ್ಸು... ಆಗ ಸಾಹುಕಾರ್ರು ಕೂಗಿದ್ರು. ಎದ್ದು ಹೋದೆ. ತುಂಬಿ ಹೋದ್ನಾ, ತುಂಬದೆ ಹೋದ್ನಾ?” ನನ್ನ ಕಡೆ ತಿರುಗಿ, “ನೀನು ಬುತ್ತಿ ತಂದಿದ್ಯಲ್ಲ ಅವತ್ತು, ನೋಡಿದ್ಯಾ?” ಎಂದರು.

ನಾನು ನೋಡಿರಲಿಲ್ಲ. ಅಂದು ಕಾಲೇಜಿತ್ತು, ಬುತ್ತಿ ಒಯ್ದಿದ್ದು ಅವ್ವ. ಹೌದೆಂದು ಸುಳ್ಳು ಹೇಳುವ ಆಸೆಯಾಯಿತು. ಹೇಳಲಿಲ್ಲ. ಹೇಳಿದರೂ ಅವರಿಗೆ ಗೊತ್ತಾಗುತ್ತಿತ್ತು.

“ನೀವು ಮರೆಯೋರಲ್ಲ ಅಪ್ಪ” ಎಂದೆ.

“ಮರೀದೆ ಇರೋ ಮನುಷ್ಯ ಇಲ್ಲ ಕಣವ್ವ” ಎಂದರು.

ಯಾರೋ ಕಳ್ಳ ಎಂದರೆ ಎದುರು ನಿಲ್ಲಬಹುದು. ನನ್ನ ಕೈಯೇ ನನಗೆ ಮೋಸ ಮಾಡಿತೇನೋ ಎಂಬ ಅನುಮಾನ ಹೊಕ್ಕರೆ ಎಲ್ಲಿ ನಿಲ್ಲುವುದು? ಅಪ್ಪನ ಮುಖದಲ್ಲಿ ಆ ಸಂಜೆ ಕಂಡದ್ದನ್ನು ನಾನು ಆಮೇಲೆ ಟೀಚರಾಗಿ ಪರೀಕ್ಷೆಯ ಕೋಣೆಗಳಲ್ಲಿ ಎಷ್ಟೋ ಮಕ್ಕಳ ಮುಖದಲ್ಲಿ ಕಂಡಿದ್ದೇನೆ. ಓದಿ ಬಂದವರ ಮುಖದಲ್ಲೇ ಅದು ಹೆಚ್ಚು. ಅವ್ವ ತಟ್ಟೆ ತಂದಿಟ್ಟಳು. ಹೋಳಿಗೆ ಮುರಿದರು, ಬಾಯಿಗೆ ಹೋಗಲಿಲ್ಲ.

ಬೆಳಿಗ್ಗೆ ಅವರೊಟ್ಟಿಗೆ ನಾನೂ ಹೊರಟೆ. ಬೇಡ ಎನ್ನಲಿಲ್ಲ. ಶೆಡ್ಡಿನಲ್ಲಿ ಸಾಹುಕಾರ್ರು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಭಾವಮೈದ ಪಕ್ಕದಲ್ಲಿ. ಅಯ್ಯನವರು ಬಂದು ಎಲೆ ಕದಲಿಸಿ ಪೂಜೆ ಮುಗಿಸಿದ ಮೇಲೆ ಅಪ್ಪ ಸ್ಪ್ಯಾನರಿಗೆ ಕೈ ಹಾಕಲು ಹೋದರು.

“ನೀನು ದೂರ ನಿಲ್ಲು, ಡ್ರೈವರ್ ಬಿಚ್ಲಿ” ಎಂದ ಭಾವಮೈದ. “ಬರೀ ಅದೊಂದಲ್ಲ, ನಾಲ್ಕೂ ಬಿಚ್ಲಿ. ಇನ್ನೆಲ್ಲೆಲ್ಲಿ ಕೈಯಾಡಿಸಿದಾನೋ ಗೊತ್ತಾಗ್ಬೇಕು.”

ಡ್ರೈವರು ಗೋಣಿಚೀಲ ಹಾಸಿಕೊಂಡು ಕೆಳಗೆ ತೂರಿದ. ಮೊದಲು ಗೇರ್ ಬಾಕ್ಸಿನ ತಳದ ಪ್ಲಗ್ಗು ಬಿಚ್ಚಿದ. ಬೋಗುಣಿಗೆ ಒಂದಿಷ್ಟು ಕಪ್ಪು ರಸ ಬಿತ್ತು, ಆಮೇಲೆ ಹನಿಹನಿ. ಭಾವಮೈದ ಸಾಹುಕಾರ್ರ ಕಡೆ ನೋಡಿದ. ಹಿಂದಿನ ಆಕ್ಸಲ್ಲಿನ ಪಕ್ಕದ ಪ್ಲಗ್ಗು ಬಿಚ್ಚಿದರೆ ಎಣ್ಣೆ ಅಂಚಿನ ಮಟ್ಟಕ್ಕಿತ್ತು. ಮುಂದಿನದರಲ್ಲೂ ಸರಿಯಾಗಿತ್ತು. ಅಪ್ಪ ಕೈಕಟ್ಟಿ ನಿಂತಿದ್ದರು. ಎರಡು ಸರಿಯಿದ್ದದ್ದು ಅವರನ್ನು ಇನ್ನಷ್ಟು ಕುಗ್ಗಿಸಿತೆಂದು ನನಗೆ ಕಂಡಿತು. ಎಲ್ಲ ಸರಿ ಮಾಡಿ ಒಂದನ್ನು ಮರೆತೆ ಎಂದು ಅವರು ಒಪ್ಪಿಕೊಳ್ಳುತ್ತಿದ್ದ ಹಾಗಿತ್ತು.

ಉಳಿದದ್ದು ಹಿಂದಿನ ಡಬ್ಬ. ಡ್ರೈವರು ಅದರ ಪಕ್ಕದ ಪ್ಲಗ್ಗನ್ನು ಸಡಿಲಿಸಿದ. ಪೂರ್ತಿ ಬಿಚ್ಚುವ ಮೊದಲೇ ಎಣ್ಣೆ ನುಗ್ಗಿತು. “ಅಯ್ಯಯ್ಯೋ!” ಎಂದು ಅವನು ಕೈ ಹಿಂದೆಗೆಯುವಷ್ಟರಲ್ಲಿ ಮಣಿಕಟ್ಟು, ಮೊಣಕೈ, ಅಂಗಿಯ ತೋಳು ಎಲ್ಲ ನೆನೆದವು. ಮಟ್ಟಕ್ಕೆ ಬಂದು ನಿಲ್ಲಬೇಕಾದ್ದು ನಿಲ್ಲಲಿಲ್ಲ. ಬೋಗುಣಿ ತುಂಬಿತು, ಇನ್ನೊಂದು ತಂದರು, ಅದಕ್ಕೂ ಬಿತ್ತು. ಮಂದವಾದ ಎಣ್ಣೆ ಬೀಳುವ ಸದ್ದೊಂದೇ.

ಅಂಟಿಕೊಂಡ ಎರಡು ಪೆಟ್ಟಿಗೆಗಳ ನಡುವೆ ಎಣ್ಣೆ ದಾಟದಂತೆ ತಡೆಯುವ ಒಂದು ಸೀಲು ಇರುತ್ತದೆ. ಅದು ಸವೆದು, ಗಾಡಿ ಓಡಿದ ಹಾಗೆಲ್ಲ ಗೇರ್ ಬಾಕ್ಸಿನ ಎಣ್ಣೆ ಹಿಂದಿನ ಡಬ್ಬಕ್ಕೆ ದಾಟಿತ್ತು. ಹೊರಗೆ ಒಂದು ತೊಟ್ಟೂ ಬೀಳದೆ, ಮನೆಯೊಳಗೇ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋದ ಹಾಗೆ. ಇದನ್ನು ಅಲ್ಲಿ ಯಾರೂ ವಿವರಿಸಬೇಕಾಗಲಿಲ್ಲ. ನೋಡಿದವರಿಗೆಲ್ಲ ಗೊತ್ತಾಯಿತು.

ಭಾವಮೈದ ನಕ್ಕ. “ಎಣ್ಣೆಗೂ ಕಾಲು ಬಂದಾವಲ್ಲೋ ಮಾರಾಯ!” ಅವನ ಜೊತೆ ನಗುವವರು ಸಿಗಲಿಲ್ಲ.

ಅಪ್ಪ ಬೋಗುಣಿಯ ಹತ್ತಿರ ಕೂತು ಎಣ್ಣೆಯಲ್ಲಿ ಬೆರಳದ್ದಿ ಮೂಸಿದರು. ಸುಟ್ಟ ವಾಸನೆ. ಗೇರ್ ಬಾಕ್ಸಿನ ಮೇಲಿನ ಮುಚ್ಚಳ ಬಿಚ್ಚಿಸಿ ಒಳಗೆ ಟಾರ್ಚು ಬಿಟ್ಟು ನೋಡಿದರು. ಬೇರಿಂಗೊಂದು ಶಾಖಕ್ಕೆ ನೀಲಿ ತಿರುಗಿತ್ತು. ಬಹಳ ಹೊತ್ತು ಅದನ್ನೇ ನೋಡಿದರು. ಎದ್ದು ಸಾಹುಕಾರ್ರಿಗೆ ಹೇಳಿದರು: “ನಂದೂ ತಪ್ಪೈತೆ. ಇವ್ನು ಸುಡ್ತದೆ ಅಂದಾಗ ನಾನು ರೇಡಿಯೇಟರ್ ತೊಳೆದೆ. ಕಾಲಿನ ಕೆಳಗೆ ಸುಡ್ತದೆ ಅಂದ, ನಾನು ಮುಂದೆ ನೋಡ್ದೆ. ಅವತ್ತೇ ಪ್ಲಗ್ಗು ಬಿಚ್ಚಿದ್ರೆ ಈ ಬೇರಿಂಗ್ ಉಳೀತಿತ್ತು.”

ನನಗೆ ಮೈ ಉರಿಯಿತು. ಕಳ್ಳ ಎಂದವನು ಒಂದು ಮಾತು ಹಿಂದೆ ತೆಗೆದುಕೊಂಡಿಲ್ಲ, ಇವರು ತಪ್ಪೊಪ್ಪಿಕೊಳ್ಳುತ್ತಿದ್ದಾರೆ.

ಸಾಹುಕಾರ್ರು ಬೀಗದ ಕೈ ಚಾಚಿದರು. “ತಗೋ. ಆಗಿದ್ದಾಯ್ತು.”

ಅಪ್ಪ ತಕ್ಷಣ ತೆಗೆದುಕೊಳ್ಳಲಿಲ್ಲ. ಕೈಯೊರೆಸಿಕೊಳ್ಳುತ್ತ ನನ್ನ ಕಡೆ ನೋಡಿದರು. ಬೇಡ, ಬಿಟ್ಟು ಬನ್ನಿ ಎಂದು ನನ್ನ ಮುಖದಲ್ಲಿ ಬರೆದಿದ್ದಿರಬೇಕು. ಅದನ್ನು ಓದಿಕೊಂಡೂ ಅವರು ಕೈ ಚಾಚಿದರು. ಯಾರಿಗಾಗಿ ಚಾಚಿದರೆಂದು ನನಗೆ ಆಗಲೇ ಗೊತ್ತಿತ್ತು. ಮರುದಿನ ರೈಲಿನಲ್ಲಿ ಕೂತಾಗ ಪುಸ್ತಕ ತೆರೆಯಲು ಆಗಲಿಲ್ಲ.

ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡು ಅಪ್ಪ ಒಂದು ಮಾತು ಹೇಳಿದರು. “ಇನ್ಮೇಲೆ ಎಣ್ಣೆ ಬಸಿಯುವಾಗ್ಲೂ ತುಂಬುವಾಗ್ಲೂ ಚಿಕ್ಕ ಸಾಹುಕಾರ್ರು ಇರ್ಬೇಕು. ನಾಲ್ಕಕ್ಕೂ ಅವ್ರೇ ಬೆರಳು ಹಾಕಿ ನೋಡ್ಬೇಕು. ಅವ್ರು ಸರಿ ಅಂದ್ಮೇಲೇ ನಾನು ಪ್ಲಗ್ಗು ತಿರುಗಿಸೋದು.”

“ಇರ್ತಾನೆ” ಎಂದರು ಸಾಹುಕಾರ್ರು.

ಸೀಲು ಬೆಂಗಳೂರಿನಿಂದ ಬಂತು, ಬೇರಿಂಗೂ ಬಂತು. ಎಲ್ಲ ಜೋಡಿಸಿ ಎಣ್ಣೆ ತುಂಬುವ ದಿನ ಅಪ್ಪ ಆಫೀಸಿನ ಬಾಗಿಲಲ್ಲಿ ನಿಂತು ಕರೆದರು. ಭಾವಮೈದ ಬಂದ. ಬಿಳಿ ಪಂಚೆ ಮೇಲೆತ್ತಿ ಕಟ್ಟಿ, ಒಂದು ಕೈ ನೆಲಕ್ಕೂರಿ ಜೀಪಿನ ಅಡಿಗೆ ತಲೆ ತೂರಿಸಿದ. ಅಪ್ಪ ಗೋಣಿಚೀಲ ಹಾಸಿಕೊಟ್ಟರು, ಎದ್ದಾಗ ಒರೆಸಿಕೊಳ್ಳಲು ಬಟ್ಟೆ ಕೊಟ್ಟರು. ಮರ್ಯಾದೆಯಲ್ಲಿ ಒಂದು ಕೂದಲೆಳೆ ಕಡಿಮೆ ಮಾಡಲಿಲ್ಲ. ಹೊಸ ಸೀಲು ಹೇಗೆ ಹಿಡಿಯುತ್ತದೋ ನೋಡಬೇಕೆಂದು ತಿಂಗಳು ತಿಂಗಳು ಮಟ್ಟ ನೋಡುವ ಪದ್ಧತಿ ಶುರುಮಾಡಿದರು. ಪ್ರತಿ ಸಲವೂ ಕರೆದರು. ಕೆಲಸದ ದೃಷ್ಟಿಯಿಂದ ಅದು ಸರಿಯಾದದ್ದೇ. ಯಾರೂ ಆಕ್ಷೇಪಿಸುವಂತಿರಲಿಲ್ಲ.

“ಸಾಕು ಬಿಡ್ರೀ ಅವನನ್ನ, ಪಾಪ” ಎಂದು ಅವ್ವನೇ ಒಂದು ದಿನ ಹೇಳಿದಳು.

“ನಾನೇನು ಮಾಡ್ದೆ? ಎಣ್ಣೆ ತೋರಿಸ್ತೀನಿ ಅಷ್ಟೆ.”

ನಾನು ಪದವಿ ಮುಗಿಸಿದೆ. ಶಿವಮೊಗ್ಗದ ಒಂದು ಹೈಸ್ಕೂಲಿನಲ್ಲಿ ಕೆಲಸವಾಯಿತು. ಮೊದಲ ತಿಂಗಳ ಸಂಬಳ ಅಪ್ಪನ ಕೈಗಿಟ್ಟು, ಇನ್ನು ಆ ಶೆಡ್ಡು ಬಿಟ್ಟುಬಿಡಿ ಎಂದೆ. ನನ್ನ ಋಣ ತೀರಿಸುವ ಆತುರ ಅದು. ಅಪ್ಪ ಒಪ್ಪಲಿಲ್ಲ. “ಅವತ್ತೇ ಬಿಟ್ಟಿದ್ರೆ ಕದ್ದೋನು ಓಡ್ಹೋದ ಅಂತಿದ್ರು. ಈಗ ಬಿಟ್ರೆ ಮಗಳ ದುಡ್ಡು ಬಂತು, ಕೊಬ್ಬು ಬಂತು ಅಂತಾರೆ. ಕೆಲ್ಸ ನಂದು ಕಣವ್ವ. ನಿನಗೋಸ್ಕರ ಹಿಡ್ಕಂಡಿದ್ದು ಒಂದು ದಿನ, ಅಷ್ಟೇ. ಉಳಿದಿದ್ದೆಲ್ಲ ನನಗೋಸ್ಕರ” ಎಂದರು.

ರಜಾದಲ್ಲಿ ಊರಿಗೆ ಬಂದಾಗ ಒಮ್ಮೆ ಶೆಡ್ಡಿಗೆ ಹೋಗಿದ್ದೆ. ಮಳೆ ಬಿಟ್ಟಿತ್ತು, ಎಣ್ಣೆ ಬದಲಾಯಿಸುವ ಕಾಲ. ಭಾವಮೈದನಿಗೆ ಮೈ ಬಂದಿತ್ತು, ಬಗ್ಗುವುದು ಕಷ್ಟವಾಗಿತ್ತು. ಆಫೀಸಿನ ಬಾಗಿಲಲ್ಲೇ ನಿಂತು, ಸುತ್ತ ಯಾರಿದ್ದಾರೆ ಎಂದು ನೋಡದೆ, “ನಂಬಿಕೆ ಐತೆ ಮಾರಾಯ. ನೀನು ತುಂಬ್ದೆ ಅಂದ್ರೆ ತುಂಬ್ದೆ. ನನ್ನ ಇನ್ನು ಕರೀಬ್ಯಾಡ” ಎಂದ. ಅವನು ಆಡಬಹುದಾಗಿದ್ದ ಕ್ಷಮೆಯ ಮಾತು ಅಷ್ಟೇ ಇದ್ದೀತು. ನಾನಾದರೆ ಅಲ್ಲಿಗೆ ಬಿಡುತ್ತಿದ್ದೆ.

ಅಪ್ಪ ಗೋಣಿಚೀಲ ಕೊಡವಿ ಹಾಸಿದರು.

“ನಂಬಿಕೆ ನಿಮ್ ಹತ್ರಾನೇ ಇರ್ಲಿ ಸ್ವಾಮಿ. ಬನ್ನಿ, ಬೆರಳು ಹಾಕಿ ನೋಡಿ.”